ಮನೆಯ ವಾಡಿಕೆ: ಬಾಧ್ಯತೆಯೋ, ಬೇಲಿಯೋ?



ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಹಿರಿಯರು ತೀರಿಹೋದ ಮೇಲೆ ಅವರ ಹೊಲವು ಮಕ್ಕಳಲ್ಲಿ ಪಾಲಾಗುವದು. ಕೊಡ, ತಂಬಿಗೆ, ಹರಿವಾಣಗಳು ಒಬ್ಬೊಬ್ಬರ ಮನೆ ಸೇರುವವು. ಇವುಗಳ ಲೆಕ್ಕವನ್ನು ಕಾಗದದಲ್ಲಿ ಬರೆದಿಡಬಹುದು. ಆದರೆ ಯಾವ ಕಾಗದದಲ್ಲಿಯೂ ಬರೆಯದ ಇನ್ನೊಂದು ಬಾಧ್ಯತೆಯು ಹಿರಿಯರಿಂದ ಮಕ್ಕಳಿಗೆ ಬರುವದು. ಅದು ಯಾವದಂದರೆ, ಮನೆಯ ನಡವಳಿಕೆ. ಬಂದವರನ್ನು ಹೇಗೆ ಕರೆಯುವದು, ಯಾರಿಗೆ ಮೊದಲು ಕೊಡುವದು, ಕಡಿಮೆ ಇದ್ದಾಗ ಹೇಗೆ ಹಂಚುವದು, ಯಾರನ್ನು ಒಳಗೆ ಕೂರಿಸುವದು, ಯಾರನ್ನು ಅಂಗಳದಲ್ಲಿಯೇ ನಿಲ್ಲಿಸುವದು, ಇವನ್ನು ತಂದೆತಾಯಿಗಳು ಪಾಠದಂತೆ ಹೇಳಿಕೊಡುವದಿಲ್ಲ. ಮಕ್ಕಳೇ ದಿನದಿನವೂ ನೋಡಿ ಎತ್ತಿಕೊಳ್ಳುವರು. ಹೊಲವಾದರೋ ಹಂಚಿದಷ್ಟೂ ಚಿಕ್ಕದಾಗುವದು. ಈ ಬಾಧ್ಯತೆಯು ಹಂಚಿದರೂ ಚಿಕ್ಕದಾಗದು. ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಪ್ರತಿಯೊಂದು ಮಗುವಿಗೂ ಪೂರ್ತಿಯಾಗಿ ಬರುವದು.

ಹೀಗಿರಲಾಗಿ ನಾವು ವಿಚಾರಿಸತಕ್ಕ ಪ್ರಶ್ನೆ ಏನಂದರೆ: ಹಿರಿಯರಿಂದ ಬಂತೆಂಬ ಒಂದೇ ಕಾರಣಕ್ಕಾಗಿ ಮನೆಯ ವಾಡಿಕೆಯನ್ನು ಮಕ್ಕಳಿಗೆ ದಾಟಿಸಬೇಕೋ? ಇಲ್ಲವಾದರೆ, ದಾಟಿಸತಕ್ಕದ್ದು ಯಾವದು, ನಿಲ್ಲಿಸತಕ್ಕದ್ದು ಯಾವದು ಎಂದು ಗುರುತಿಸುವದು ಹೇಗೆ? ನಮ್ಮ ಹಳ್ಳಿಗಳ ಕುಟುಂಬಗಳಿಗೆ ಇದು ಸಣ್ಣ ಪ್ರಶ್ನೆಯಲ್ಲ. ನಮ್ಮಲ್ಲಿ ಅನೇಕರ ಅಜ್ಜ ಮುತ್ತಜ್ಜಂದಿರು ಹಿಂದಿನ ವಾಡಿಕೆಗಳಲ್ಲಿ ಹಲವನ್ನು ಬಿಟ್ಟು ಬಂದವರು. ಕಳೆ ಕಿತ್ತ ಹೊಲವನ್ನು ಬೀಳು ಬಿಟ್ಟರೆ ಅದೇ ಕಳೆಯು ಮತ್ತೆ ಹುಟ್ಟುವದೆಂದು ಒಕ್ಕಲಿಗನಿಗೆ ತಿಳಿದದೆ. ಹಳೆಯದನ್ನು ಬಿಟ್ಟ ಮನೆಯು ಹೊಸದಾಗಿ ಏನನ್ನು ಬಿತ್ತಿತೆಂದು ಕೇಳಿಕೊಳ್ಳುವದು ಯುಕ್ತವಾಗಿದೆ.

ಇದನ್ನು ಬರಿದಾದ ಉಪದೇಶದಿಂದ ಹೇಳುವದಕ್ಕಿಂತ ಒಂದು ದೃಷ್ಟಾಂತದಿಂದ ಹೇಳುವದು ಲೇಸು. ಇಂಗ್ಲೆಂಡ್ ದೇಶದ ಕುಟುಂಬಗಳಲ್ಲಿ ಸಾಯಂಕಾಲದ ಹೊತ್ತಿಗೆ ಹಿರಿಯರೂ ಕಿರಿಯರೂ ಅತಿಥಿಗಳೂ ಕೂಡಿ ಚಹ ಕುಡಿಯುವ ವಾಡಿಕೆಯೊಂದು ಉಂಟು. ಹೊರಗಿನಿಂದ ನೋಡುವವರಿಗೆ ಅದು ಬಿಸಿನೀರು, ಎಲೆ, ಹಾಲು ಇವುಗಳ ವಿಷಯ. ಆದರೂ ಆ ಮೇಜಿನ ಮೇಲೆ ಒಂದು ಜನಾಂಗದ ಒಳ್ಳೆಯದೂ ಕೆಟ್ಟದ್ದೂ ತಲೆಮಾರಿನಿಂದ ತಲೆಮಾರಿಗೆ ದಾಟಿದವು.

ಚಹವು ಆ ದೇಶದ ಬೆಳೆಯಲ್ಲ. ಚೀನದೇಶದಿಂದ ಹಡಗುಗಳಲ್ಲಿ ಬಂದದ್ದು. ಲಂಡನ್ ಪಟ್ಟಣದಲ್ಲಿ ಸರಕಾರದ ಕೆಲಸದಲ್ಲಿದ್ದ ಸ್ಯಾಮ್ಯುಯೆಲ್ ಪೀಪ್ಸ್ ಎಂಬವನು, ಮುಂಚೆ ಎಂದೂ ಕುಡಿಯದಿದ್ದ ಈ ಪಾನವನ್ನು ತರಿಸಿಕೊಂಡ ಸಂಗತಿಯನ್ನು 1660ನೆಯ ಸೆಪ್ಟೆಂಬರ್ ತಿಂಗಳ ತನ್ನ ದಿನಚರಿಯಲ್ಲಿ ಬರೆದಿಟ್ಟನು. 1662ರಲ್ಲಿ ಎರಡನೆಯ ಚಾರ್ಲ್ಸ್ ಅರಸನನ್ನು ಮದುವೆಯಾದ ಪೋರ್ತುಗಲ್ ದೇಶದ ರಾಜಪುತ್ರಿ ಕ್ಯಾಥರೀನಳಿಂದ ಅದು ಅರಮನೆಯವರಲ್ಲಿ ಹೆಚ್ಚು ರೂಢಿಯಾಯಿತು. ಬೆಲೆ ಬಹಳವಾಗಿದ್ದದರಿಂದ ಐಶ್ವರ್ಯವಂತರು ಸಹ ಚಹದ ಎಲೆಯನ್ನು ಬೀಗದ ಪೆಟ್ಟಿಗೆಯಲ್ಲಿಡುತ್ತಿದ್ದರು. ಬೀಗದ ಕೈಯು ಮನೆಯೊಡತಿಯ ಬಳಿಯಲ್ಲಿಯೇ ಇರುತ್ತಿತ್ತು. 1784ರಲ್ಲಿ ಸರಕಾರದವರು ನೂರಕ್ಕೆ 119ರಷ್ಟಿದ್ದ ಸುಂಕವನ್ನು 12½ಕ್ಕೆ ಇಳಿಸಿದ ಮೇಲೆ ಅದು ಬಡವರಿಗೂ ಸುಲಭವಾಗುತ್ತಾ ಬಂತು. 1840ರ ಸುಮಾರಿಗೆ ಬೆಡ್‌ಫರ್ಡಿನ ಡಚೆಸ್ ಆನ್ನಾ ಎಂಬ ದೊರೆಸಾನಿಯು, ರಾತ್ರಿಯೂಟವು ತಡವಾಗುವದರಿಂದ ಉಂಟಾಗುವ ಬಳಲಿಕೆಗಾಗಿ ಮಧ್ಯಾಹ್ನದ ಮೇಲೆ ಚಹವನ್ನೂ ತಿಂಡಿಯನ್ನೂ ತರಿಸಿ ಸ್ನೇಹಿತೆಯರನ್ನು ಕರೆಯತೊಡಗಿದಳೆಂದು ಹೇಳುವರು. ದೊಡ್ಡವರ ಮನೆಯಲ್ಲಿ ಹುಟ್ಟಿದ ವಾಡಿಕೆಯು ಕ್ರಮೇಣ ಎಲ್ಲಾ ತರದ ಮನೆಗಳಲ್ಲಿ ಬೇರೂರಿತು.

ಇಂಥ ಕೂಟದಲ್ಲಿ ಮಕ್ಕಳು ಏನನ್ನು ಕಲಿಯುತ್ತಿದ್ದರು? ಪಾತ್ರೆಯಿಂದ ಚಹವನ್ನು ಬೊಗ್ಗಿಸಿ ಕೊಡುವ ಹಕ್ಕು ಮನೆಯ ಹಿರಿಯ ಹೆಂಗಸಿನದು. ಅಜ್ಜಿಯ ಕೈ ನಡುಗತೊಡಗಿದಾಗ ಆ ಕೆಲಸವು ಮಗಳಿಗೆ, ಆಮೇಲೆ ಮೊಮ್ಮಗಳಿಗೆ ಬರುವದು. ಅತಿಥಿಗೆ ಕೊಡುವ ತನಕ ಮಗುವು ತಟ್ಟೆಗೆ ಕೈ ಹಾಕಬಾರದು. ಒಬ್ಬರ ಮಾತು ಮುಗಿಯುವ ಮೊದಲು ಮತ್ತೊಬ್ಬರು ಮಾತಾಡಬಾರದು. ಕಡೇ ತುಂಡನ್ನು ತೆಗೆದುಕೊಳ್ಳುವ ಮುಂಚೆ ಸುತ್ತಲಿರುವವರನ್ನು ಕೇಳಬೇಕು. ಹೆಣ್ಣುಮಕ್ಕಳ ಆಟಕ್ಕಾಗಿ ಕುಂಬಾರರು ಪುಟ್ಟ ಪಿಂಗಾಣಿಯ ಚಹದ ಪಾತ್ರೆಗಳನ್ನೂ ಮಾಡುತ್ತಿದ್ದರು. ಮಕ್ಕಳು ಬೊಂಬೆಗಳನ್ನು ಸಾಲಾಗಿ ಕೂರಿಸಿ ತಾಯಿಯು ಮಾಡುವದನ್ನೆಲ್ಲಾ ತಾವೂ ಮಾಡುವರು. ಹಿರಿಯರಿಂದ ಬಂದ ಬಟ್ಟಲುಗಳನ್ನು ಹೊರಗೆ ತೆಗೆದಾಗಲೆಲ್ಲಾ ಇದು ಯಾರದು, ಇದರ ಅಂಚು ಯಾವಾಗ ಒಡೆಯಿತು, ಇದನ್ನು ತಂದವಳು ಎಂಥ ಕಷ್ಟದಲ್ಲಿ ಮಕ್ಕಳನ್ನು ಸಾಕಿದಳು ಎಂಬ ಕಥೆಯೂ ಅವುಗಳೊಡನೆ ಹೊರಬರುವದು. ಬಟ್ಟಲು ಇಲ್ಲದಿದ್ದರೆ ಕಥೆಯು ನೆನಪಿಗೆ ಬರುತ್ತಿರಲಿಲ್ಲ. ಕಥೆ ಇಲ್ಲದಿದ್ದರೆ ಬಟ್ಟಲು ಬರೀ ಮಣ್ಣು.

ಆದರೆ ಇದೆಲ್ಲವೂ ಡಂಭವಲ್ಲವೋ ಎಂದು ಯಾರಾದರೂ ಕೇಳಾರು. ಆ ದೇಶದವರೇ ಹಾಗೆ ಕೇಳಿದರು. ಜಾನ್ ವೆಸ್ಲಿ ಎಂಬ ಪ್ರಸಿದ್ಧ ಬೋಧಕನು 1746ರಲ್ಲಿ ತಾನು ಚಹವನ್ನು ಬಿಟ್ಟು, ಅದರಿಂದ ಉಳಿದ ಹಣವನ್ನು ಬಡವರಿಗೆ ಕೊಡಬಹುದೆಂದು ತನ್ನವರಿಗೆ ಬುದ್ಧಿ ಹೇಳಿದನು. ಕೆಲವು ವರುಷಗಳಾದ ಮೇಲೆ ತಾನೇ ಅದನ್ನು ತಿರಿಗಿ ಕುಡಿಯತೊಡಗಿದನು. ಜೋನಾಸ್ ಹ್ಯಾನ್‌ವೇ ಎಂಬ ಧರ್ಮಿಷ್ಠ ವರ್ತಕನು 1756ರಲ್ಲಿ ಚಹವನ್ನು ಬಲವಾಗಿ ಖಂಡಿಸಿ ಬರೆದನು. ಚಹಪ್ರಿಯನಾಗಿದ್ದ ಸ್ಯಾಮ್ಯುಯೆಲ್ ಜಾನ್ಸನ್ ಎಂಬ ಪಂಡಿತನು ಮುಂದಿನ ವರುಷವೇ ಅದಕ್ಕೆ ಎದುರಾಗಿ ಬರೆದನು. ಈ ವಾದಗಳಿಂದ ತಿಳಿಯುವದೇನಂದರೆ, ವಾಡಿಕೆಯು ತನ್ನಷ್ಟಕ್ಕೆ ತಾನೇ ಪುಣ್ಯವೂ ಅಲ್ಲ, ಪಾಪವೂ ಅಲ್ಲ. ಅದು ಯಾತಕ್ಕೆ ಸೇವೆಮಾಡುವದೆಂದು ನೋಡಬೇಕು. 1832ರಲ್ಲಿ ಲ್ಯಾಂಕಶೈರಿನ ಪ್ರೆಸ್ಟನ್ ಎಂಬ ನೇಕಾರರ ಊರಿನಲ್ಲಿ ಜೋಸೆಫ್ ಲಿವ್ಸಿಯೂ ಅವನ ಸಂಗಡಿಗರೂ ಮದ್ಯವನ್ನು ಪೂರ್ತಿಯಾಗಿ ಬಿಡುವೆವೆಂದು ಪ್ರತಿಜ್ಞೆಮಾಡಿ ರುಜು ಹಾಕಿದರು. ಪಾನನಿರೋಧದ ಕೆಲಸದವರು ಅಲ್ಲಲ್ಲಿ ದೊಡ್ಡ ಚಹಕೂಟಗಳನ್ನು ನಡಿಸಿದರು. ಹೆಂಡದಂಗಡಿಗೆ ಗಂಡಸು ಒಬ್ಬನೇ ಹೋಗುವನು. ಚಹದ ಕೂಟಕ್ಕೆ ಹೆಂಡತಿಯೂ ಮಕ್ಕಳೂ ಅವನ ಸಂಗಡ ಬರಬಹುದು. ದೊರೆಸಾನಿಯ ಮನೆಯಲ್ಲಿ ಹೊತ್ತು ಕಳೆಯುವ ಉಪಾಯವಾಗಿದ್ದ ಅದೇ ಬಟ್ಟಲು ಕೂಲಿಯವನ ಮನೆಯಲ್ಲಿ ಸಂಸಾರವನ್ನು ಉಳಿಸುವ ಉಪಾಯವಾಯಿತು.

ಈಗ ಇದಕ್ಕಿಂತ ಆಳವಾದ ಒಂದು ಸಂಗತಿಯನ್ನು ಲಕ್ಷ್ಯಕ್ಕೆ ತಂದುಕೊಳ್ಳೋಣ. ಆ ಕಾಲದಲ್ಲಿ ಚಹಕ್ಕೆ ಹಾಕುತ್ತಿದ್ದ ಸಕ್ಕರೆಯು ವೆಸ್ಟ್ ಇಂಡೀಸ್ ದ್ವೀಪಗಳಿಂದ ಬರುತ್ತಿತ್ತು. ಅಲ್ಲಿಯ ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದವರು ಆಫ್ರಿಕದಿಂದ ಹಡಗುಗಳಲ್ಲಿ ತುಂಬಿ ತಂದು ದನಗಳಂತೆ ಮಾರಿದ ದಾಸರೂ ಅವರ ಮಕ್ಕಳೂ ಆಗಿದ್ದರು. 1791ನೆಯ ಏಪ್ರಿಲ್ ತಿಂಗಳಲ್ಲಿ ಈ ವ್ಯಾಪಾರವನ್ನು ನಿಲ್ಲಿಸಬೇಕೆಂಬ ಸೂಚನೆಯು ಪಾರ್ಲಿಮೆಂಟಿನಲ್ಲಿ 88ಕ್ಕೆ ವಿರೋಧವಾಗಿ 163 ಮತಗಳಿಂದ ಬಿದ್ದುಹೋಯಿತು. ದೊಡ್ಡವರು ಕೈಬಿಟ್ಟ ಕಾರ್ಯವನ್ನು ಮನೆಯವರು ಎತ್ತಿಕೊಂಡರು. ವಿಲಿಯಮ್ ಫಾಕ್ಸ್ ಎಂಬವನು ಅದೇ ವರುಷ ಚಿಕ್ಕ ಪುಸ್ತಕವೊಂದನ್ನು ಅಚ್ಚುಹಾಕಿಸಿ, ದಾಸರು ಬೆಳೆದ ಸಕ್ಕರೆಯನ್ನು ಬಿಡಬೇಕೆಂದು ಜನರನ್ನು ಕೇಳಿಕೊಂಡನು. ವಾರಕ್ಕೆ 5 ಪೌಂಡು ಸಕ್ಕರೆಯನ್ನು ಉಪಯೋಗಿಸುವ ಕುಟುಂಬವು 21 ತಿಂಗಳು ಅದನ್ನು ಬಿಟ್ಟರೆ ಒಬ್ಬ ಮನುಷ್ಯನು ದಾಸತ್ವಕ್ಕೆ ಬೀಳದ ಹಾಗಾಗುವದೆಂದು ಅವನು ಎಣಿಕೆ ಹಾಕಿದನು. ಆ ಎಣಿಕೆಯ ಅಂಕೆಗಳು ಸರಿಯೋ ತಪ್ಪೋ ಎಂಬದು ಇಲ್ಲಿ ಮುಖ್ಯವಲ್ಲ. ಒಂದು ಮನೆಯ ಚಮಚಕ್ಕೂ ಸಮುದ್ರದಾಚೆಯ ಒಬ್ಬ ಮನುಷ್ಯನ ಬೆನ್ನಿಗೂ ಸಂಬಂಧವುಂಟೆಂದು ಅವನು ತೋರಿಸಿದನು. ಸುಮಾರು 3,00,000 ಜನರು ಸಕ್ಕರೆಯನ್ನು ಬಿಟ್ಟರೆಂದು ಆ ಕಾರ್ಯದಲ್ಲಿ ದುಡಿದ ಥಾಮಸ್ ಕ್ಲಾರ್ಕ್‌ಸನ್ ಅಂದಾಜು ಮಾಡಿದನು.

ವಾಚಕರೇ, ಆ ಮನೆಗಳ ಮಕ್ಕಳನ್ನು ಸ್ವಲ್ಪ ಆಲೋಚಿಸಿರಿ. ನಿನ್ನೆ ಸಿಹಿಯಾಗಿದ್ದ ಚಹವು ಇಂದು ಕಹಿಯಾಗಿದೆ. ಮಗುವು ಕಾರಣವನ್ನು ಕೇಳದೆ ಇದ್ದೀತೇ? ಕೇಳಿದಾಗ ತಾಯಿಯು ಉತ್ತರ ಕೊಡಲೇ ಬೇಕು. ತಾವು ಎಂದೂ ನೋಡದ, ತಮ್ಮ ಭಾಷೆ ಬಣ್ಣಗಳಿಲ್ಲದ, ತಮಗೆ ಯಾವ ಉಪಕಾರವನ್ನೂ ತಿರಿಗಿ ಮಾಡಲಾರದ ಜನರಿಗಾಗಿ ಮನೆಯ ಸಿಹಿಯನ್ನು ಬಿಟ್ಟಿದ್ದೇವೆಂದು ಆ ಮಗುವು ತನ್ನ ನಾಲಿಗೆಯಿಂದಲೇ ಕಲಿಯಿತು. ಅವರ ತ್ಯಾಗದಿಂದ ಒಡನೆ ದಾಸರ ಸಂಕೋಲೆ ಬೀಳಲಿಲ್ಲ. ದಾಸರ ವ್ಯಾಪಾರವನ್ನು ನಿಲ್ಲಿಸುವ ಕಾನೂನು 1807ರಲ್ಲಿಯೂ, ಬ್ರಿಟಿಷ್ ಸೀಮೆಗಳಲ್ಲಿ ದಾಸತ್ವವನ್ನೇ ತೆಗೆದುಹಾಕುವ ಕಾನೂನು 1833ರಲ್ಲಿಯೂ ಆದವು. ಈ ನಡುವೆ 1824ರಲ್ಲಿ ಲೆಸ್ಟರ್ ಊರಿನ ಎಲಿಜಬೆತ್ ಹೇರಿಕ್ ಎಂಬಾಕೆಯು, ದಾಸತ್ವವು ಮೆಲ್ಲಮೆಲ್ಲನೆ ಅಲ್ಲ, ಕೂಡಲೇ ತೊಲಗಬೇಕೆಂದು ಬರೆದು, ಸಕ್ಕರೆಯನ್ನು ಬಿಡುವಂತೆ ಜನರನ್ನು ತಿರಿಗಿ ಎಬ್ಬಿಸಿದಳು. ದಾಸರು ಮಾಡದ ಸಕ್ಕರೆ ಎಂಬ ಅರ್ಥದ ಬರಹವುಳ್ಳ ಬಟ್ಟಲುಗಳು ಚಹದ ಮೇಜುಗಳ ಮೇಲೆ ಬಂದವು. 1833ರಲ್ಲಿ 1,87,000ಕ್ಕೆ ಹೆಚ್ಚು ಹೆಂಗಸರು ರುಜು ಹಾಕಿದ ಅರ್ಜಿಯು ಪಾರ್ಲಿಮೆಂಟಿಗೆ ಹೋಯಿತು. 1791ರಲ್ಲಿ 8 ವರುಷದವಳಾಗಿ ಕಹಿ ಚಹವನ್ನು ಕುಡಿದ ಹುಡುಗಿಯು 1833ರಲ್ಲಿ 50 ವರುಷದವಳಾಗಿರುವಳು. ತಾಯಿ ಬಿತ್ತಿದ್ದನ್ನು ಮಗಳು ಕೊಯ್ಯಬೇಕಾದರೆ ನಡುವಿನ 42 ವರುಷ ಆ ಬೀಜವನ್ನು ಮನೆಯಲ್ಲಿ ಯಾರಾದರೂ ಕಾಪಾಡಲೇ ಬೇಕಾಗಿತ್ತು. ಬಾಧ್ಯತೆ ಎಂದರೆ ಇದೇ.

ಹೀಗಿದ್ದರೂ ಇನ್ನೊಂದು ಪಕ್ಕವನ್ನು ಮರೆಮಾಡಿದರೆ ನ್ಯಾಯವಾಗದು. ಸಕ್ಕರೆಯನ್ನು ವಿಚಾರಿಸಿದ ಆ ದೇಶದಲ್ಲಿ ಚಹದ ಎಲೆಯನ್ನು ವಿಚಾರಿಸಿದವರು ಕಡಿಮೆ. ಚೀನದ ಚಹಕ್ಕೆ ಬೆಲೆ ತೆರುವದಕ್ಕಾಗಿ ಇಂಡಿಯಾ ದೇಶದಲ್ಲಿ ಬೆಳೆಸಿದ ಅಫೀಮನ್ನು ಚೀನಕ್ಕೆ ಸಾಗಿಸುತ್ತಿದ್ದರು. ಆ ಅಫೀಮಿನ ವ್ಯಾಪಾರಕ್ಕಾಗಿ 1839ರಿಂದ 1842ರ ವರೆಗೆ ಯುದ್ಧವೂ ನಡೆಯಿತು. ತರುವಾಯ ಅಸ್ಸಾಮಿನ ಚಹದ ತೋಟಗಳಿಗೆ ಬಡಜನರನ್ನು ಕರಾರಿನಿಂದ ಕಟ್ಟಿ ಕರಕೊಂಡು ಹೋಗಿ ಕ್ರೂರವಾಗಿ ದುಡಿಸಿದರು. ಅಲ್ಲದೆ, ಅತಿಥಿಗೆ ಮೊದಲು ಕೊಡಬೇಕೆಂದು ಕಲಿತ ಮನೆಯಲ್ಲಿಯೇ ನೀರು ಕಾಯಿಸಿದ ಸೇವಕಿಯು ಗೋಡೆಯ ಬದಿಯಲ್ಲಿ ನಿಂತಿರುತ್ತಿದ್ದಳು. ಇಂಡಿಯಾದಲ್ಲಿದ್ದ ಆ ಜನರ ಕ್ಲಬ್ಬುಗಳಲ್ಲಿ ಅನೇಕವು ಈ ದೇಶದವರನ್ನು ಸದಸ್ಯರಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. ಮಕ್ಕಳು ಇದನ್ನೂ ನೋಡಿ ಕಲಿತರು. ಕರುಣೆಯನ್ನು ದಾಟಿಸಿದ ಮೇಜೇ ಗರ್ವವನ್ನೂ ದಾಟಿಸಿತು. ಆದದರಿಂದ ವಾಡಿಕೆಯನ್ನು ಶೋಧಿಸುವಾಗ, ಇದರಲ್ಲಿ ಯಾರು ಕೂತಿದ್ದಾರೆ ಎಂದು ಮಾತ್ರ ಕೇಳಿದರೆ ಸಾಲದು. ಯಾರು ನಿಂತಿದ್ದಾರೆ, ಯಾರು ಬಾಗಿಲಿನ ಹೊರಗಿದ್ದಾರೆ ಎಂದು ಸಹ ಕೇಳಬೇಕು.

ಬಾಗಿಲಿನ ಮಾತು ಬಂದದರಿಂದ ಜಪಾನ್ ದೇಶದ ಒಂದು ಸಂಗತಿಯನ್ನು ಹೇಳುವೆವು. ಅಲ್ಲಿ ಚಹವನ್ನು ಅತಿಥಿಗೆ ಕೊಡುವದು ಒಂದು ದೊಡ್ಡ ವಿದ್ಯೆಯಾಗಿದೆ. ಸೆನ್ ನೋ ರಿಕ್ಯೂ (1522–1591) ಎಂಬ ಗುರುವಿನ ಪದ್ಧತಿಯಂತೆ ಕಟ್ಟಿದ ಚಹದ ಕೋಣೆಗೆ ಒಂದು ಚಿಕ್ಕ ಬಾಗಿಲುಂಟು. ಅದರ ಎತ್ತರವು ಸುಮಾರು ಎರಡು ಅಡಿ ಮಾತ್ರ. ಪ್ರಭುವಾದರೂ ವರ್ತಕನಾದರೂ ಮೊಣಕಾಲೂರಿ ತಲೆಬಾಗಿಸಿಯೇ ಒಳಗೆ ಹೋಗಬೇಕು. ಯೋಧನು ಕತ್ತಿಯನ್ನು ಹೊರಗೆ ಇಟ್ಟು ಬರಬೇಕು. ಆ ದೇಶವನ್ನು ಆಳುತ್ತಿದ್ದ ಹಿದೆಯೋಶಿಯು ಕಡೆಗೆ ರಿಕ್ಯೂವಿನ ಮೇಲೆ ಕೋಪಗೊಂಡು ಅವನು ಪ್ರಾಣಬಿಡುವಂತೆ ಆಜ್ಞಾಪಿಸಿದನು. ಆದರೂ ಅವನ ಸಂತತಿಯವರು ಆ ವಿದ್ಯೆಯನ್ನು ಕೈಬಿಡಲಿಲ್ಲ. ಅವನ ಮೊಮ್ಮಗನಾದ ಸೋತಾನನ ಮೂವರು ಮಕ್ಕಳಿಂದ ಮೂರು ಮನೆತನಗಳಾದವು. ಅವು ಇಂದಿಗೂ ಕ್ಯೋತೋ ಪಟ್ಟಣದಲ್ಲಿ ಅದನ್ನು ಕಲಿಸುತ್ತಿವೆ. ಕೋಣೆಯ ಹೊರಗೆ ಬಂದೊಡನೆ ಪ್ರಭುವು ಪ್ರಭುವೇ, ಸೇವಕನು ಸೇವಕನೇ ಆಗಿದ್ದನೆಂಬದು ನಿಜ. ಆದರೂ ಎಲ್ಲರೂ ತಲೆಬಾಗಿಸುವ ಒಂದು ಬಾಗಿಲನ್ನು ನಾನೂರು ವರುಷ ಮುಚ್ಚದೆ ಕಾಪಾಡಿದ್ದು ಸಣ್ಣ ಕೆಲಸವಲ್ಲ.

ನಮ್ಮ ಕನ್ನಡ ನಾಡಿನ ಸಂಗತಿ ಹೇಗಿದೆ? ಇಲ್ಲಿಯ ಹಳ್ಳಿಗಳಲ್ಲಿ ಚಹದಂಗಡಿಗಳು ಹೆಚ್ಚಿದ್ದು 20ನೆಯ ಶತಮಾನದಲ್ಲಿ. ಹೊಸದಾಗಿ ಬಂದ ಪಾನಕ್ಕೆ ಹಳೆಯ ಬೇಲಿಯನ್ನೇ ಹಾಕಿದರು. ಅಸ್ಪೃಶ್ಯರೆಂದು ಎಣಿಸಿದ ಜನರಿಗೆ ಬೇರೆ ಲೋಟ. ಅದನ್ನು ಅವರೇ ತೆಗೆದುಕೊಳ್ಳಬೇಕು, ಅವರೇ ತೊಳೆದಿಡಬೇಕು. ಹಣವು ಒಂದೇ, ಎಲೆಯು ಒಂದೇ, ಲೋಟ ಮಾತ್ರ ಎರಡು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ತನ್ನ 17ನೆಯ ಅನುಚ್ಛೇದದಲ್ಲಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು. 1955ರ ಕಾನೂನು ಹೋಟೆಲಿನ ಪಾತ್ರೆಗಳನ್ನು ಉಪಯೋಗಿಸದಂತೆ ತಡೆಯುವದನ್ನು ಸಹ ದಂಡನೆಗೆ ಗುರಿಯಾದ ಅಪರಾಧವೆಂದು ಹೇಳಿತು. ಆದರೂ ಅಲ್ಲಲ್ಲಿ ಎರಡು ಲೋಟದ ಸುದ್ದಿಯು ಈಗಲೂ ಕೇಳಿಬರುವದುಂಟು. ತಂದೆಯು ಅಂಗಡಿಯ ಹೊರಗೆ ಕುಕ್ಕರಗಾಲಿನಲ್ಲಿ ಕೂತು ತನ್ನ ಲೋಟವನ್ನು ತಾನೇ ತೊಳೆದಿಟ್ಟದ್ದನ್ನು ಕಂಡ ಮಗನಿಗೆ ಏನು ದಾಟಿತು? ಒಳಗೆ ಬೆಂಚಿನ ಮೇಲೆ ಕೂತು ಅದನ್ನು ನೋಡಿದ ಮತ್ತೊಬ್ಬ ಹುಡುಗನಿಗೆ ಏನು ದಾಟಿತು? ಒಬ್ಬನಿಗೆ ನಾಚಿಕೆ, ಮತ್ತೊಬ್ಬನಿಗೆ ಗರ್ವ. ಇಬ್ಬರಿಗೂ ಬಂದದ್ದು ಕೆಟ್ಟ ಬಾಧ್ಯತೆಯೇ.

ಈ ಮಾತನ್ನು ಓದುವವರಲ್ಲಿ ಕೆಲವರು, ಆ ಅನ್ಯಾಯವು ನಮ್ಮ ಹಿರಿಯರಿಗೆ ಆದದ್ದು, ನಾವು ಮಾಡಿದ್ದಲ್ಲ ಎಂದು ಹೇಳುವರು. ನಿಜವೇ. ಆದರೆ ಹೊರಗೆ ನಿಂತವನ ಮೊಮ್ಮಗನು ಒಳಗೆ ಕೂತ ಮೇಲೆ ತಾನೇ ಬಾಗಿಲು ಹಾಕುವದು ಲೋಕದಲ್ಲಿ ಅಪರೂಪವಲ್ಲ. ನಮ್ಮ ಮನೆಗೆ ಹೆಂಚು ಬಂತು, ಮಗನಿಗೆ ಸಂಬಳ ಬಂತು, ಪಿಂಗಾಣಿಯ ಬಟ್ಟಲುಗಳೂ ಬಂದವು. ಕಳೆ ಕೀಳಲು ಬರುವ ಕೂಲಿಯವಳಿಗೆ, ದನ ಕಾಯುವ ಹುಡುಗನಿಗೆ, ಕೊಟ್ಟಿಗೆ ಬಳಿಯುವವಳಿಗೆ ಚಹ ಕೊಡುವ ಲೋಟವು ಎಲ್ಲಿದೆ? ಒಳಗಿನ ಸಾಲಿನಲ್ಲಿ ಇದೆಯೋ? ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿದೆಯೋ? ಒಂದು ವೇಳೆ ಅದು ಸೂರಿನಲ್ಲಿದ್ದರೆ, ನಮ್ಮ ಹಿರಿಯರು ಕಣ್ಣೀರಿನಿಂದ ಬಿಟ್ಟು ಬಂದ ಕಳೆಯು ನಮ್ಮ ಅಂಗಳದಲ್ಲಿಯೇ ಮತ್ತೆ ಹುಟ್ಟಿದೆ. ಆ ಲೋಟವನ್ನು ಮಕ್ಕಳು ದಿನಾಲೂ ನೋಡುವರು. ನಮ್ಮ ಬಾಯಿಂದ ಅವರು ಕೇಳುವ ಬುದ್ಧಿಮಾತುಗಳನ್ನೆಲ್ಲಾ ಸೂರಿನಲ್ಲಿರುವ ಒಂದು ಲೋಟವು ಸುಳ್ಳುಮಾಡುವದು.

ಹಾಗಾದರೆ ನಾವು ಮಾಡತಕ್ಕದ್ದೇನು? ಕೆಲವು ಮಾತುಗಳನ್ನು ನಿಮ್ಮ ಮುಂದಿಡುವೆವು.

ಮೊದಲನೆಯದು, ವಾರದಲ್ಲಿ ಒಂದು ಸಾಯಂಕಾಲವಾದರೂ ಮನೆಯವರೆಲ್ಲರೂ ಕೂಡಿ ಕೂರುವ ಹೊತ್ತನ್ನು ಗೊತ್ತುಮಾಡಿರಿ. ಇದಕ್ಕೆ ಖರ್ಚು ಬೇಡ. ಬೆಲ್ಲದ ಚಹವೂ ಒಂದು ಹಿಡಿ ಮಂಡಕ್ಕಿಯೂ ಸಾಕು. ಚಹಕ್ಕೆ ಬದಲಾಗಿ ಕಾಫಿಯಾದರೂ ಅಂಬಲಿಯಾದರೂ ಆಗಬಹುದು. ಆದರೆ ಆ ಹೊತ್ತಿನಲ್ಲಿ ಒಬ್ಬೊಬ್ಬರು ಒಂದೊಂದು ಮೊಬೈಲನ್ನು ನೋಡುತ್ತಾ ಕೂತರೆ ಅದು ಕೂಟವಲ್ಲ. ಒಂದೇ ಚಾಪೆಯ ಮೇಲಿನ ಬೇರೆ ಬೇರೆ ಊರುಗಳು.

ಎರಡನೆಯದು, ವಾಡಿಕೆಯ ಸಂಗಡ ಅದರ ಕಾರಣವನ್ನೂ ಹೇಳಿರಿ. ನಮ್ಮ ಮನೆಯಲ್ಲಿ ಹೀಗೆಯೇ ಎಂದು ಗದರಿಸಿದರೆ ಮಗುವು ಭಯದಿಂದ ನಡಕೊಂಡು, ಭಯ ಹೋದ ದಿನ ಬಿಟ್ಟುಬಿಡುವದು. ಅಜ್ಜನು ಎಂಥ ಕಷ್ಟಪಟ್ಟನು, ಅಜ್ಜಿಗೆ ಯಾರು ಸಹಾಯಮಾಡಿದರು, ಯಾರು ಬಾಗಿಲು ಹಾಕಿದರು ಎಂಬದನ್ನು ಹೇಳಿರಿ. ಹೇಳುವಾಗ ಹಗೆಯನ್ನು ಸೇರಿಸಬೇಡಿರಿ. ಸತ್ಯವನ್ನು ಬಚ್ಚಿಡಲೂ ಬೇಡಿರಿ. ನಾಚಿಕೆಯಿಂದ ಮುಚ್ಚಿಟ್ಟ ಕಥೆಯು ಮಕ್ಕಳಿಗೆ ಬಲ ಕೊಡಲಾರದು.

ಮೂರನೆಯದು, ಮಕ್ಕಳ ಕೈಗೆ ಕೆಲಸ ಕೊಡಿರಿ. ಬೊಗ್ಗಿಸುವದು ಹುಡುಗಿಯ ಕೆಲಸ, ಕುಡಿಯುವದು ಹುಡುಗನ ಕೆಲಸ ಎಂದು ಮಾಡಿದರೆ ಅದೂ ಒಂದು ಬೇಲಿಯೇ. ಮಗನು ಚಹ ಕೊಡಲಿ, ಲೋಟಗಳನ್ನೂ ತೊಳೆಯಲಿ. ತನ್ನ ತಾಯಿ ತಂಗಿಯರು ಕೂತು ಕುಡಿಯುವದನ್ನು ನಿಂತು ನೋಡದವನು ಮುಂದೆ ಹೆಂಡತಿಯ ದಣಿವನ್ನು ತಿಳಿಯಲಾರನು.

ನಾಲ್ಕನೆಯದು, ಈ ಕೂಟಕ್ಕೆ ಮನೆಯವರಲ್ಲದ ಒಬ್ಬರನ್ನಾದರೂ ಕರೆಯಿರಿ. ನಿಮಗಿಂತ ದೊಡ್ಡವರನ್ನು ಕರೆಯುವದಕ್ಕಿಂತ, ಯಾರೂ ಕರೆಯದವರನ್ನು ಕರೆಯಿರಿ. ಊರ ಕೊನೆಯಲ್ಲಿರುವ ವಿಧವೆ, ಪರಸ್ಥಳದಿಂದ ಕೂಲಿಗೆ ಬಂದವನು, ಮಾತು ಬಿಟ್ಟು ಹೋದ ದಾಯಾದಿ, ಇವರಿಗೆ ನಿಮ್ಮದೇ ಲೋಟ, ನಿಮ್ಮದೇ ಚಾಪೆ.

ಐದನೆಯದು, ಬಿಡತಕ್ಕದ್ದನ್ನು ಬಿಡಲು ಧೈರ್ಯಪಡಿರಿ. ಹಿರಿಯರನ್ನು ಗೌರವಿಸುವದೆಂದರೆ ಅವರ ತಪ್ಪನ್ನು ಸಹ ಹೊತ್ತುಕೊಂಡು ಹೋಗುವದಲ್ಲ. ಒಕ್ಕಲಿಗನು ಕಾಳನ್ನು ಬೀಜಕ್ಕೆ ಇಡುವಾಗ ಜೊಳ್ಳನ್ನು ತೂರುವನು. ಹಾಗೆ ತೂರಿದ್ದರಿಂದ ಬೆಳೆದವನಿಗೆ ಅವಮಾನವಾಗದು. ಯಾವ ವಾಡಿಕೆಯು ಮನೆಗೆ ಇನ್ನೊಬ್ಬರು ಬಂದರೂ ಕೆಡದೆ ಇರುವದೋ, ಬಂದವರಿಂದ ಹೆಚ್ಚುವದೋ, ಅದು ಬಾಧ್ಯತೆ. ಯಾವದು ಇನ್ನೊಬ್ಬರು ಬಂದೊಡನೆ ಮೈಲಿಗೆಯಾಗುವದೋ, ಕುಂದುವದೋ, ಅದು ಬೇಲಿ. ಬೇಲಿಯನ್ನು ಹೊಲಕ್ಕೆ ಹಾಕಬೇಕು, ಮನುಷ್ಯರ ನಡುವೆ ಹಾಕಬಾರದು.

ತಾಯಂದಿರೇ, ಸಹೋದರರೇ, ನಾವು ಮಕ್ಕಳಿಗೆ ಬಿಟ್ಟುಹೋಗುವ ಹೊಲವು ಎಷ್ಟು ಎಕರೆಯೋ, ಹಣವು ಎಷ್ಟು ರೂಪಾಯಿಯೋ, ಅದು ಮಳೆಯ ಮೇಲೆಯೂ ಕಾಲದ ಮೇಲೆಯೂ ನಿಂತದೆ. ಆದರೆ ಯಾರು ಬಂದರೂ ಒಂದೇ ತರದ ಲೋಟದಲ್ಲಿ ಚಹ ಕೊಡುವ ಮನೆಯಲ್ಲಿ ಬೆಳೆದೆವೆಂಬ ನೆನಪನ್ನು ಬಿಟ್ಟುಹೋಗುವದು ಬಡವನಿಗೂ ಸಾಧ್ಯ. ಇಂದು ಸಾಯಂಕಾಲ ಒಲೆಯ ಮೇಲೆ ನೀರಿಡುವ ಮುಂಚೆ ನಿಮ್ಮ ಮನೆಯ ಲೋಟಗಳನ್ನು ಎಣಿಸಿರಿ. ಅವುಗಳಲ್ಲಿ ಒಂದನ್ನು ಬೇರೆ ಇಟ್ಟದ್ದಾದರೆ ಮಕ್ಕಳು ನೋಡುತ್ತಿರುವಾಗಲೇ ಅದನ್ನು ಸೂರಿನಿಂದ ಇಳಿಸಿ, ತೊಳೆದು, ಒಳಗಿನ ಸಾಲಿಗೆ ಸೇರಿಸಿರಿ. ಯಾಕೆಂದು ಅವರು ಕೇಳಿದರೆ ಉತ್ತರವನ್ನು ಹೇಳಿರಿ.